ಲೌಂಜಿನ ಮೂರನೇ ಸ್ನಾನದ ಕೋಣೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮಸ್ಕತ್ ವಿಮಾನ ನಿಲ್ದಾಣದ ಪ್ರೀಮಿಯಂ ಲೌಂಜಿನ ದೊಡ್ಡ ಗಾಜಿನಾಚೆ ಕಲ್ಲುಗುಡ್ಡಗಳ ಅಂಚು ಈಗಷ್ಟೇ ಬೆಳ್ಳಗಾಗುತ್ತಿದೆ. ಗಾಜಿನ ಈಚೆ ಸೋಫಾಗಳಲ್ಲಿ ಜನ ಶೂ ಕಳಚಿ ಒರಗಿದ್ದಾರೆ, ಯಾರಿಗೋ ಬಿಸಿ ಆಮ್ಲೆಟ್ ಬರುತ್ತಿದೆ, ಇನ್ಯಾರೋ ಮೂರನೇ ಸಲ ಕಾಫಿ ಯಂತ್ರದ ಗುಂಡಿ ಒತ್ತುತ್ತಿದ್ದಾರೆ. ವಿನೋದಾ ಇದ್ಯಾವುದನ್ನೂ ನೋಡುತ್ತಿಲ್ಲ. ಅವರು ಮೂರನೇ ನಂಬರಿನ ಸ್ನಾನದ ಕೋಣೆಯಲ್ಲಿ ಮೊಣಕಾಲೂರಿ, ನೀರು ಹೋಗುವ ಜಾಲರಿಯಿಂದ ಯಾರದ್ದೋ ಕೂದಲನ್ನು ಎಳೆದೆಳೆದು ತೆಗೆಯುತ್ತಿದ್ದಾರೆ.

ಬಾಗಿಲ ಹೊರಗೆ ಮುಂದಿನವರು ಗಡಿಯಾರ ನೋಡುತ್ತಾ ನಿಂತಾಗಿದೆ. ಒಂದು ಕೋಣೆಗೆ ಕಂಪನಿ ಕೊಟ್ಟಿರುವುದು ಒಂಬತ್ತು ನಿಮಿಷ. ಅಷ್ಟರಲ್ಲಿ ಕಮೋಡು ತೊಳೆಯಬೇಕು, ಗಾಜಿನ ಗೋಡೆಯ ಹನಿಗಳನ್ನು ವೈಪರಿನಿಂದ ಎಳೆಯಬೇಕು, ಕನ್ನಡಿ ಒರೆಸಬೇಕು, ಮೂರು ಹೊಸ ಟವೆಲ್ ಮಡಚಿ ಇಡಬೇಕು. ಕೊನೆಗೆ ತಮ್ಮ ಕಾಲಿನ ಗುರುತೂ ಉಳಿಯದಂತೆ ಹಿಂದೆ ಹಿಂದೆ ಸರಿಯುತ್ತಾ ನೆಲ ಒರೆಸಿಕೊಂಡು ಹೊರಗೆ ಬರಬೇಕು. ಒಳಗೆ ಹೋದವರಿಗೆ ತಾವೇ ಮೊದಲು ಈ ಕೋಣೆಗೆ ಬಂದದ್ದು ಅನ್ನಿಸಬೇಕಂತೆ. ಎಂಟೂವರೆ ನಿಮಿಷಕ್ಕೆ ವಿನೋದಾ ಹೊರಗೆ ಬಂದು, ಗೋಡೆಗೆ ಒತ್ತಿ ನಿಂತು, ತಲೆ ತಗ್ಗಿಸಿ ದಾರಿ ಬಿಡುತ್ತಾರೆ. ಒಳಹೋದವರು ಅವರ ಮುಖ ನೋಡುವುದಿಲ್ಲ.

"ನಾವು ಕಾಣ್ಲಿಕ್ಕಿಲ್ಲ, ಕೆಲಸ ಮಾತ್ರ ಕಾಣ್ಬೇಕು. ಹಾಗೇ ಹೇಳಿಕೊಟ್ಟದ್ದು ನಮಗೆ," ಎನ್ನುತ್ತಾರೆ ನಲವತ್ತೊಂಬತ್ತು ವರ್ಷದ ವಿನೋದಾ. ಹೇಳುವಾಗ ಮುಖದಲ್ಲಿ ದೂರೂ ಇಲ್ಲ, ನಗುವೂ ಇಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಹೇಳುವ ಹಾಗೆ ಹೇಳುತ್ತಾರೆ.

ಬಸ್ಸು ಅಲ್ ಹೈಲ್‌ನಿಂದ ಹೊರಡುವುದು ನಾಲ್ಕೂಕಾಲಿಗೆ. ಅಲ್ಲಿ ಕಂಪನಿ ಕೊಟ್ಟ ಕೋಣೆಯಲ್ಲಿ ಎಂಟು ಹೆಂಗಸರು, ಎಂಟು ಮಂಚ. ಕೆಲಸ ಐದರಿಂದ ಸಂಜೆ ನಾಲ್ಕರವರೆಗೆ. ಲೌಂಜಿನಲ್ಲಿ ಸ್ನಾನದ ಕೋಣೆ ನಾಲ್ಕು. ಗಿರಾಕಿ ಹೆಚ್ಚಿರುವ ದಿನ ನಲವತ್ತೆರಡು ಸ್ನಾನ, ನೂರ ಇಪ್ಪತ್ತಾರು ಟವೆಲ್. ಎಷ್ಟು ಸಲ ಬಗ್ಗಿ ಎದ್ದದ್ದು ಎಂಬುದನ್ನು ಕಂಪನಿ ಬರೆದಿಡುವುದಿಲ್ಲ, ಅದು ವಿನೋದಾರ ಸೊಂಟಕ್ಕೆ ಗೊತ್ತು. ಹನ್ನೊಂದು ಗಂಟೆಗಳಲ್ಲಿ ಕೂರಲು ಸಿಗುವುದು ಅರ್ಧ ಗಂಟೆ, ಅದೂ ಕಿಟಕಿಯಿಲ್ಲದ ಸ್ಟೋರಿನಲ್ಲಿ ಮಗುಚಿಟ್ಟ ಬಕೆಟ್ಟಿನ ಮೇಲೆ. ಲೌಂಜಿನಲ್ಲಿ ನೂರೆಂಬತ್ತು ಮೆತ್ತನೆಯ ಆಸನಗಳಿವೆ. ಆರು ವರ್ಷದಿಂದ ಅವುಗಳ ಧೂಳು ಹೊಡೆಯುತ್ತಿರುವ ವಿನೋದಾ ಒಂದರ ಮೇಲೂ ಕೂತಿಲ್ಲ.

ಇಂಥವರನ್ನು ಹುಡುಕಿ ತಂದು ‘ಎಲೆಮರೆಯ ಕಾಯಿ’ ಎಂದು ಹೊಗಳುವುದು ಪತ್ರಿಕೆಗಳಿಗೆ ಅಭ್ಯಾಸ. ಭಾನುವಾರ ಬೆಳಿಗ್ಗೆ ಓದಿ, ಅಯ್ಯೋ ಪಾಪ ಎಂದು ಕಾಫಿ ಕುಡಿದರೆ ಓದುಗರ ಪಾಲಿನ ಪುಣ್ಯವೂ ಮುಗಿಯಿತು. ವಿನೋದಾರಿಗೆ ಈ ಹೊಗಳಿಕೆ ಬೇಡ. ಅವರಿಗೆ ಬೇಕಾಗಿರುವುದು ಒಂದೇ. ಹನ್ನೊಂದು ತಿಂಗಳಿಂದ ಅವರ ಊರಾದ ಕಿನ್ನಿಗೋಳಿಯ ಸುತ್ತಮುತ್ತ ನಾಲ್ಕು ಜನ ಸೇರಿದಲ್ಲಿ ಅವರನ್ನು ಕಳ್ಳಿ ಎನ್ನುತ್ತಾರೆ. ಆ ಮಾತು ಅಳಿಯಬೇಕು.

ವಿನೋದಾರ ಗಂಡ ಭೋಜರಾಜ ಒಮಾನಿನ ಇಬ್ರಾ ಊರಿನ ಸೂಕ್‌ನಲ್ಲಿ, ಎಂದರೆ ಅಲ್ಲಿಯ ಪೇಟೆಯಲ್ಲಿ, ಕಟ್ಟಡ ಸಾಮಾನಿನ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಗಂಡ. ಒಟ್ಟು ಸೇರಿಸಿದರೆ ತಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಎರಡು ವರ್ಷವೂ ಆಗಲಿಕ್ಕಿಲ್ಲ ಎನ್ನುತ್ತಾರೆ ವಿನೋದಾ. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಭೋಜರಾಜ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹೆಣ ಊರಿಗೆ ಬಂದದ್ದು ಐದನೇ ದಿನ. ಅಂಗಡಿಯ ಒಡೆಯ, ಭೋಜರಾಜರ ಕಫೀಲ್, ಎಂದರೆ ವೀಸಾಕ್ಕೆ ಹೊಣೆ ನಿಂತ ಧಣಿ, ಒಳ್ಳೆಯ ಮನುಷ್ಯ. ಮೂರು ವರ್ಷದ ನಂತರ ಇದೇ ವಿನೋದಾರಿಗೆ ಇಬ್ರಾದ ಒಂದು ಶಾಲೆಯಲ್ಲಿ ಆಯಾ ಕೆಲಸ ಕೊಡಿಸಿ ಕರೆಸಿಕೊಂಡವರು ಅವರೇ. ಶಾಲೆಯ ಕೆಲಸ ಮುಗಿದ ಮೇಲೆ ವಿನೋದಾ ಶುಚಿತ್ವದ ಗುತ್ತಿಗೆ ಕಂಪನಿಯೊಂದಕ್ಕೆ ಸೇರಿ ಲೌಂಜಿಗೆ ಬಂದರು. ಅವರು ಊರು ಬಿಟ್ಟಾಗ ಮಗಳು ಯಶ್ಮಿತಾ ಎಂಟನೇ ತರಗತಿ, ಅಜ್ಜಿಯ ಮನೆಯಲ್ಲಿ. ಈಗ ಅವಳು ಮೂಲ್ಕಿಯ ಬಳಿ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ ಮಾಡುತ್ತಾಳೆ.

ಇನ್ನು ಕರಿಮಣಿಯ ವಿಷಯ. ತುಳುನಾಡಿನ ಮದುವೆಗೆ ಹೋದವರಿಗೆ ಗೊತ್ತಿರುತ್ತದೆ. ತಾಳಿ ಕಟ್ಟುವ ಮೊದಲು ಕರಿಮಣಿಯನ್ನು ತಟ್ಟೆಯಲ್ಲಿಟ್ಟು ಸಭೆಗೆ ತರುತ್ತಾರೆ, ಹಿರಿಯರು, ಮುತ್ತೈದೆಯರು ಒಬ್ಬೊಬ್ಬರಾಗಿ ಮುಟ್ಟಿ ಹರಸುತ್ತಾರೆ. ಭೋಜರಾಜ ಹೋದ ಮೇಲೆ ಮೊದಲ ಸಲ ಒಂದು ಮದುವೆಗೆ ಹೋಗಿದ್ದಾಗ ತಟ್ಟೆ ತಮ್ಮ ಸಾಲಿಗೆ ಬರುತ್ತಿರುವುದನ್ನು ಕಂಡು ವಿನೋದಾ ಎದ್ದು ಅಡುಗೆಯ ಚಪ್ಪರಕ್ಕೆ ನಡೆದರು. ಯಾರೂ ಹೋಗು ಅಂದಿರಲಿಲ್ಲ. ಯಾರೂ ಕೂತುಕೋ ಅಂತಲೂ ಅನ್ನಲಿಲ್ಲ. ಅಲ್ಲಿಂದೀಚೆಗೆ ಅದೇ ರೂಢಿ. ತಟ್ಟೆ ಹೊರಟಿತು ಎಂದರೆ ವಿನೋದಾರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ.

"ಇನ್ನೊಬ್ಬರ ಬಾಳು ಅದು. ನನ್ನ ಕೈ ತಾಗಿ ಅವರಿಗೆ ಎಂತಾದ್ರೂ ಆದ್ರೆ? ಆಗ್ತದಾ ಇಲ್ವಾ ಅದು ಬೇರೆ. ಆದ್ರೆ ನನ್ನ ಮನಸ್ಸಿಗೆ ಸಮಾಧಾನ ಉಂಟಾ?" ಎಂದು ಕೇಳುತ್ತಾರೆ. ಈ ನಂಬಿಕೆಯನ್ನು ಮೂಢನಂಬಿಕೆ ಎಂದು ಪುಟಗಟ್ಟಲೆ ಬರೆಯಬಹುದು. ಆದರೆ ಈ ಮೂಢನಂಬಿಕೆಯನ್ನು ವಿನೋದಾರಿಗೆ ಕಲಿಸಿದ್ದು ಅವರನ್ನು ಆಮೇಲೆ ಕಳ್ಳಿ ಎಂದ ಊರೇ ಅಲ್ಲವೇ?

ಕಳೆದ ವರ್ಷ ಫೆಬ್ರವರಿಯ ಒಂದು ಗುರುವಾರ. ಬೆಳಿಗ್ಗೆ ಎಂಟೂವರೆಯ ಹೊತ್ತು. ಮಂಗಳೂರಿನ ವಿಮಾನ ಹಿಡಿಯುವವರು ಲೌಂಜಿನಲ್ಲಿ ತುಂಬಿದ್ದರು. ಮೂರನೇ ಕೋಣೆಯಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಒದ್ದೆ ಕೂದಲಿಗೆ ಸೆರಗು ಹೊದ್ದುಕೊಂಡು ಅವಸರದಲ್ಲಿ ಹೊರಗೆ ಬಂದರು. ಮಗನ ಮನೆಗೆ ಬಂದು ಊರಿಗೆ ಮರಳುತ್ತಿದ್ದ ಸುಶೀಲಮ್ಮ ಅವರು. ನಮ್ಮ ಕರಾವಳಿಯಲ್ಲಿ ಹೋಟೆಲುಗಳಿರುವ ದೊಡ್ಡ ಮನೆಯ ಯಜಮಾನಿ. ಅವರು ಹೋದ ಮೇಲೆ ವಿನೋದಾ ಬಕೆಟ್ ಹಿಡಿದು ಒಳಗೆ ಹೋದರು. ಕಮೋಡು ತೊಳೆದು ತಲೆ ಎತ್ತಿದಾಗ ಬೇಸಿನ್ನಿನ ಪಕ್ಕದ ಕಲ್ಲಿನ ಮೇಲೆ ಕರಿಮಣಿ ಸರ ಸುರುಳಿಯಾಗಿ ಬಿದ್ದಿತ್ತು. ಎರಡೆಳೆ ಕರಿಮಣಿ, ನಡುವೆ ಚಿನ್ನದ ಗುಂಡು, ಕೆಳಗೆ ತಾಳಿ.

ಲೌಂಜಿನ ನಿಯಮ ಸ್ಪಷ್ಟವಾಗಿಯೇ ಇದೆ. ಗಿರಾಕಿಯ ಬೆಲೆಬಾಳುವ ವಸ್ತು ಸಿಕ್ಕಿದರೆ ಆ ಕ್ಷಣವೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ರಿಸೆಪ್ಷನ್ನಿಗೆ ಒಯ್ದು ಕೊಡಬೇಕು. ವಿನೋದಾ ಹಾಗೆ ಎಷ್ಟೋ ಸಲ ಕೊಟ್ಟಿದ್ದಾರೆ. ಆರು ವರ್ಷದಲ್ಲಿ ಹದಿನೇಳು ವಾಚು, ಇಪ್ಪತ್ತಕ್ಕೂ ಹೆಚ್ಚು ಫೋನು, ಒಂದು ವಜ್ರದ ಉಂಗುರ, ಒಂದು ಹಲ್ಲಿನ ಸೆಟ್ಟು. ಎಲ್ಲದಕ್ಕೂ ರಿಜಿಸ್ಟರಿನಲ್ಲಿ ಅವರ ಸಹಿ ಇದೆ. ಆದರೆ ಅವತ್ತು ಕೈ ಮುಂದೆ ಹೋಗಲಿಲ್ಲ. ಕೈಯಲ್ಲಿದ್ದದ್ದು ಕಕ್ಕಸು ತೊಳೆದ ಕೈಗವಸು, ಅದರಲ್ಲಿ ಇನ್ನೊಬ್ಬರ ತಾಳಿ ಎತ್ತುವುದುಂಟೇ? ಗವಸು ಕಳಚಿದರೆ ಒಳಗಿರುವುದು ವಿಧವೆಯ ಕೈ. ಗವಸು ಕಳಚಿ ಬಕೆಟ್ಟಿಗೆ ಹಾಕಿದರು. ಆಮೇಲೆ ಒಂದು ಹೊಸ ಬಿಳಿ ಟವೆಲನ್ನು ತುದಿ ಹಿಡಿದು ಬಿಡಿಸಿ, ಹಾದುಹೋಗುವವರ ಕಣ್ಣಿಗೆ ಬೀಳದಿರಲಿ ಎಂದು ಸರದ ಮೇಲೆ ಹೊದೆಸಿದರು. ಮುತ್ತೈದೆ ಒಬ್ಬರನ್ನು ಕರೆತಂದು ಎತ್ತಿಸೋಣ ಎಂದು ಹೊರಟರು.

ಹೊರಟದ್ದು ರಿಸೆಪ್ಷನ್ನಿನ ಉರ್ಸುಲಾರ ಹತ್ತಿರ. ಉರ್ಸುಲಾ ಬಜ್ಪೆಯ ಕೊಂಕಣಿ ಮಾತಾಡುವ ಕ್ರೈಸ್ತರು, ಸಮವಸ್ತ್ರದ ಕಾಲರಿನ ಒಳಗೆ ತಮ್ಮದೇ ಕರಿಮಣಿ ಧರಿಸಿರುವವರು. ಇವರಿಗಾದರೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹೊತ್ತಿಗೆ ಉರ್ಸುಲಾರ ಮೇಜಿನ ಮುಂದೆ ಹನ್ನೆರಡು ಜನರ ಸಾಲು. ಎದುರಿಗೆ ನಿಂತ ಒಬ್ಬರ ಕ್ರೆಡಿಟ್ ಕಾರ್ಡಿಗೆ ಲೌಂಜಿನ ಪುಕ್ಕಟೆ ಪ್ರವೇಶ ಮುಗಿದಿತ್ತು, ಅದಕ್ಕೆ ಅವರು ಇಡೀ ಒಮಾನಿಗೆ ಕೇಳುವ ಹಾಗೆ ಜಗಳ ಆಡುತ್ತಿದ್ದರು.

"ನಾನು ಎದ್ದು ಹೋಗಿದ್ರೆ ಆಗ್ತಿತ್ತು," ಎನ್ನುತ್ತಾರೆ ಉರ್ಸುಲಾ. "ಆ ಮನುಷ್ಯನ ಬೊಬ್ಬೆಗೆ ಹೆದರಿ ವಿನೋದಕ್ಕನಿಗೆ ಸ್ವಲ್ಪ ನಿಲ್ಲಿ ಅಂತ ಕೈ ಮಾಡಿದೆ. ಅವರು ಪಾಪ, ಹೇಳಿದಲ್ಲೇ ನಿಂತ್ರು."

ನಿಂತದ್ದು ನಾಲ್ಕು ನಿಮಿಷ. ಅಷ್ಟರಲ್ಲಿ ಬಟ್ಟೆ ಒಯ್ಯುವ ಟ್ರಾಲಿಯವನು ಬಂದ. ತೆರೆದ ಬಾಗಿಲು ಕಂಡರೆ ಒಳಗೆ ಹೋಗಿ, ಬಿಡಿಸಿ ಬಿದ್ದಿರುವ ಟವೆಲುಗಳನ್ನೆಲ್ಲ ಒಂದೇ ತೆಕ್ಕೆಯಲ್ಲಿ ಬಾಚಿಕೊಂಡು ಚೀಲಕ್ಕೆ ತುಂಬುವುದು ಅವನ ಕೆಲಸ. ಅವನೂ ತನ್ನ ನಿಮಿಷಗಳ ಹಿಂದೆ ಓಡುತ್ತಿರುವವನೇ. ವಿನೋದಾ ಉರ್ಸುಲಾರನ್ನು ಕರೆದುಕೊಂಡು ಬರುವ ಹೊತ್ತಿಗೆ ಬೇಸಿನ್ನಿನ ಕಲ್ಲು ಬೋಳಾಗಿತ್ತು. ಟ್ರಾಲಿ ಇಳಿದು ಹೋಗಿ, ಚೀಲ ಲಾರಿಗೆ ಏರಿಯಾಗಿತ್ತು. ಅದೇ ಹೊತ್ತಿಗೆ ಸುಶೀಲಮ್ಮ ಬರಿಗುತ್ತಿಗೆ ತಡವಿಕೊಳ್ಳುತ್ತಾ ಓಡಿ ಬಂದರು.

ಅವರು ಕೇಳಿದ್ದು ತುಳುವಿನಲ್ಲಿ. ಊರ ಭಾಷೆ ಕೇಳಿದ ಕೂಡಲೇ ವಿನೋದಾರಿಗೆ ಜೀವ ಬಂದ ಹಾಗಾಯಿತು, ಇವರಿಗಾದರೆ ಹೇಳಿದರೆ ತಿಳಿಯುತ್ತದೆ ಅಂದುಕೊಂಡರು. ಇಲ್ಲೇ ಇತ್ತಮ್ಮಾ, ನಾನು ಮುಟ್ಟಬಾರದು ಅಂತ ಟವೆಲ್ ಮುಚ್ಚಿ ಜನ ಕರೆಯಲು ಹೋದೆ, ನನಗೆ ಗಂಡ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಸುಶೀಲಮ್ಮ ಅವರ ಮುಖ ನೋಡಿದರು, ಆಮೇಲೆ ಕುತ್ತಿಗೆ ನೋಡಿದರು. ತುಳುವಿನಲ್ಲೇ, ಗಟ್ಟಿಯಾಗಿಯೂ ಅಲ್ಲದೆ, ಒಂದು ಮಾತು ಹೇಳಿದರು. ಅದರ ಕನ್ನಡ ಇಷ್ಟು: "ನಿನ್ನ ಕುತ್ತಿಗೆ ಖಾಲಿ ಉಂಟಲ್ಲ, ಅದಕ್ಕೇ ನನ್ನದರ ಮೇಲೆ ಕಣ್ಣು ಬಿತ್ತಾ?"

ಅರಬ್ಬಿಯಲ್ಲಿ ಬೈದಿದ್ದರೆ ಕಿವಿಯ ಮೇಲೆ ಹಾದು ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಬೈದಿದ್ದರೆ ಅರ್ಧ ತಿಳಿಯುತ್ತಿತ್ತು. ತಾಯಿ ಭಾಷೆಯ ಮಾತು ನೇರವಾಗಿ ಒಳಗೆ ಇಳಿಯಿತು. ವಿನೋದಾ ಇವತ್ತಿಗೂ ಆ ವಾಕ್ಯವನ್ನು ಹೇಳುವಾಗ ಸೆರಗಿನ ತುದಿ ಎಳೆದು ಕುತ್ತಿಗೆ ಮುಚ್ಚಿಕೊಳ್ಳುತ್ತಾರೆ.

ವಿಮಾನ ಕಾಯುವುದಿಲ್ಲವಲ್ಲ, ಸುಶೀಲಮ್ಮ ಅಳುತ್ತಲೇ ಹೋದರು. ಅವರ ದುಃಖವೂ ಸುಳ್ಳಲ್ಲ. ನಲವತ್ತು ವರ್ಷದ ಕರಿಮಣಿ ಬಿಟ್ಟು ಬರಿಗುತ್ತಿಗೆಯಲ್ಲಿ ಗಂಡ ಕಾಯುತ್ತಿರುವ ಮನೆಗೆ ಹೋಗುವ ಹೆಂಗಸಿನ ಎದೆಯಲ್ಲಿ ಏನಾಗುತ್ತದೆ ಎಂಬುದು ವಿನೋದಾರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಮುಂದಿನದ್ದು ಡ್ಯೂಟಿ ಸೂಪರ್‌ವೈಸರ್ ವಿನಯ್ ಅವರ ಕೋಣೆಯಲ್ಲಿ. ವಿನಯ್ ಉಡುಪಿಯ ಕಡೆಯವರು, ಮೂವತ್ತನಾಲ್ಕರ ಪ್ರಾಯ, ಎಲ್ಲರ ಜೊತೆಗೂ ನಗುತ್ತಾ ಮಾತಾಡುವವರು. ಕ್ಯಾಮರಾದಲ್ಲಿ ವಿನೋದಾ ಒಳಹೋಗಿದ್ದು, ಬರಿಗೈಯಲ್ಲಿ ಹೊರಬಂದದ್ದು, ಟ್ರಾಲಿ ಬಂದದ್ದು ಎಲ್ಲ ಕಾಣುತ್ತಿತ್ತು. ಸ್ನಾನದ ಕೋಣೆಯೊಳಗೆ ಮಾತ್ರ ಕ್ಯಾಮರಾ ಇಲ್ಲ. ಟವೆಲ್ ಹೋದ ಲಾಂಡ್ರಿಗೆ ಫೋನು ಮಾಡಿದರೆ, ಚೀಲದಲ್ಲಿ ಏನೂ ಸಿಗಲಿಲ್ಲ ಎಂದರು. ಯಾಕೆ ತಕ್ಷಣ ಎತ್ತಿ ತರಲಿಲ್ಲ ಎಂಬ ಪ್ರಶ್ನೆಗೆ ವಿನೋದಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವಿನಯ್ ಪೆನ್ನು ಕೆಳಗಿಟ್ಟರು.

"ವಿನೋದಕ್ಕ, ನನಗೆ ಅರ್ಥ ಆಗ್ತದೆ. ನನ್ನ ದೊಡ್ಡಮ್ಮನೂ ಹೀಗೇ," ಅಂದರಂತೆ. "ಆದ್ರೆ ಇದನ್ನು ಇಂಗ್ಲಿಷಿನಲ್ಲಿ ಬರೆಯುದು ಹೇಗೆ? ಮೇಲಿನವರು ನಗಾಡ್ತಾರೆ. ಸುಮ್ಮನೆ ಮರೆತು ಹೋಯ್ತು ಅಂತ ಹೇಳಿ."

ಮರೆತಿರಲಿಲ್ಲವಾದ್ದರಿಂದ ವಿನೋದಾ ಹಾಗೆ ಹೇಳಲು ಒಪ್ಪಲಿಲ್ಲ. ಕೊನೆಗೆ ಎಚ್ಚರಿಕೆಯ ಪತ್ರದಲ್ಲಿ ‘ಸಿಬ್ಬಂದಿ ಸಮಾಧಾನಕರ ವಿವರಣೆ ನೀಡಲಿಲ್ಲ’ ಎಂದು ಬರೆಯಲಾಯಿತು. ವಿವರಣೆ ಪೂರ್ತಿಯಾಗಿ ತಿಳಿದ ಅಧಿಕಾರಿ ಆ ಕಟ್ಟಡದಲ್ಲಿ ಒಬ್ಬರೇ ಒಬ್ಬರು ಇದ್ದರು, ಪತ್ರ ಬರೆದವರೂ ಅವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರ ತನಕ ಸುದ್ದಿಯೇ ಹೋಗಲಿಲ್ಲ.

ಅವತ್ತು ಸಂಜೆ ಅಲ್ ಹೈಲ್‌ನ ಕೋಣೆಗೆ ಗುತ್ತಿಗೆ ಕಂಪನಿಯ ಇಬ್ಬರು ಬಂದರು. ಏಳು ಹೆಂಗಸರ ಎದುರು ವಿನೋದಾರ ಟ್ರಂಕು ತೆರೆಸಿದರು. ನಾಲ್ಕು ಸೀರೆ, ಒಂದು ಬಾಟಲಿ ಮಾವಿನ ಮಿಡಿ, ಯಶ್ಮಿತಾಳ ಶಾಲೆಯ ಫೋಟೋ. ತಳದಲ್ಲಿ ಬಟ್ಟೆಯ ಸಣ್ಣ ಚೀಲ. ಚೀಲದೊಳಗೆ ಕರಿಮಣಿ.

ಬಂದವರಿಗೆ ಹುಡುಕುತ್ತಿದ್ದದ್ದು ಸಿಕ್ಕಿತು. ಅದು ವಿನೋದಾರದ್ದೇ, ಭೋಜರಾಜ ಕಟ್ಟಿದ ತಾಳಿ. ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯಂದು, ಅತ್ತೆ ಕುತ್ತಿಗೆಯಿಂದ ತೆಗೆದು ಕೈಗೆ ಕೊಟ್ಟಿದ್ದರು. ಮಗಳ ಮದುವೆಗೆ ಕರಗಿಸಿ ಏನಾದರೂ ಮಾಡಿಸೋಣ ಎಂದು ಇಟ್ಟುಕೊಂಡಿದ್ದರು. ಹಾಗೆಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಗಂಡ ಸತ್ತ ಹೆಂಗಸಿಗೆ ಇದೇಕೆ ಎಂದು ಬಂದವರಲ್ಲಿ ಒಬ್ಬ ಹಿಂದಿಯಲ್ಲಿ ಕೇಳಿದ. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನಂಬರು ಅಂಟಿಸಿ ಒಯ್ದರು. ಫೋಟೋ ಮಂಗಳೂರಿಗೆ ಹೋಯಿತು. ಮರುದಿನ ಸುಶೀಲಮ್ಮನ ಮನೆಯಿಂದ ಇದು ನಮ್ಮದಲ್ಲ, ನಮ್ಮದು ಇದಕ್ಕಿಂತ ದಪ್ಪ ಎಂದು ಉತ್ತರ ಬಂತು. ಆದರೂ ಮೂರು ದಿನ ಭೋಜರಾಜ ಕಟ್ಟಿದ ತಾಳಿ ಯಾರದ್ದೋ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು.

"ಆ ಮೂರು ದಿನ ನನಗೆ ಊಟ ಸೇರ್ಲಿಲ್ಲ," ಎನ್ನುತ್ತಾರೆ. "ಕೆಲಸಕ್ಕೆ ಬರ್ಬೇಡ ಅಂದ್ರು. ಮಂಚದ ಮೇಲೆ ಕೂತು ಗೋಡೆ ನೋಡಿದೆ. ರೂಮಿನವರು ತಮ್ಮ ಪರ್ಸು ದಿಂಬಿನ ಅಡಿಗೆ ಇಡ್ಲಿಕ್ಕೆ ಶುರು ಮಾಡಿದ್ರು. ನೋಡದ ಹಾಗೆ ಮಾಡಿದೆ."

ಕಳೆದುಹೋದದ್ದು ಸಿಕ್ಕಿದ್ದು ಅಲ್ ಅಮೇರಾತ್‌ನ ಲಾಂಡ್ರಿಯಲ್ಲಿ. ಅಲ್ಲಿ ಯಂತ್ರ ನೋಡಿಕೊಳ್ಳುವ ಅಬ್ದುಲ್ ಉಪ್ಪಿನಂಗಡಿಯ ಬ್ಯಾರಿ. ವಾರಕ್ಕೊಮ್ಮೆ ಯಂತ್ರದ ಕೆಳಗಿನ ಜಾಲರಿ ಬಿಚ್ಚಿ, ಸೇರಿಕೊಂಡ ನೂಲಿನ ಉಂಡೆ ತೆಗೆಯುತ್ತಾರೆ. ಭಾನುವಾರ ಬೆಳಿಗ್ಗೆ ಆ ಉಂಡೆಯೊಳಗೆ ಕರಿಮಣಿ ಹೊಳೆಯಿತು. "ನಮ್ಮ ಊರಿನ ಹೆಂಗಸ್ರದ್ದು ಅಂತ ಕಂಡ ಕೂಡ್ಲೆ ಗೊತ್ತಾಯ್ತು. ಇದು ಹೋದ ಮನೆಯಲ್ಲಿ ಒಲೆ ಉರಿದಿರ್ಲಿಕ್ಕಿಲ್ಲ ಅಂತ ಹೇಳಿ ನಾನೇ ತೆಗೊಂಡು ಬಂದೆ," ಎಂದು ಅವರು ನೆನೆಯುತ್ತಾರೆ. ಒಂದೆಳೆ ತುಂಡಾಗಿತ್ತು, ತಾಳಿಗೆ ಏನೂ ಆಗಿರಲಿಲ್ಲ. ಇದರಿಂದ ಇನ್ನೊಬ್ಬ ಹೆಂಗಸೂ ಅನ್ನ ಬಿಟ್ಟು ಕೂತಿದ್ದಾಳೆ ಎಂಬುದು ಅಬ್ದುಲ್‌ಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ವಿನೋದಾರನ್ನು ಕರೆದು, ತಪ್ಪಾಯಿತು ಕೆಲಸಕ್ಕೆ ಬನ್ನಿ ಅನ್ನಬೇಕಿತ್ತು. ಕೆಲಸಕ್ಕೆ ಬಾ ಎಂದದ್ದು ಹೌದು, ತಪ್ಪಾಯಿತು ಎಂಬುದು ಬರಲಿಲ್ಲ. ಎಚ್ಚರಿಕೆಯ ಪತ್ರ ಫೈಲಿನಲ್ಲೇ ಉಳಿಯಿತು. ಅವರ ತಾಳಿಯನ್ನು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಹಿಂದೆ ಕೊಟ್ಟರು. ಸುಶೀಲಮ್ಮನ ಕರಿಮಣಿಯನ್ನು ಅಕ್ಕಸಾಲಿಗನಿಂದ ರಿಪೇರಿ ಮಾಡಿಸಿ, ವೆಲ್ವೆಟ್ ಪೆಟ್ಟಿಗೆಯಲ್ಲಿಟ್ಟು, ಎರಡು ಡಬ್ಬಿ ಒಮಾನಿ ಹಲ್ವಾದ ಜೊತೆಗೆ ಮಂಗಳೂರಿಗೆ ಕಳುಹಿಸಿದರು. ಜೊತೆಗೊಂದು ಕ್ಷಮಾಪಣೆ ಪತ್ರ. ಪ್ಯಾಕು ಮಾಡಿದವರು ಉರ್ಸುಲಾ, ಹಾಗಾಗಿ ಪತ್ರ ಓದಿದರು. ಲಾಂಡ್ರಿಯ ಮಾತೇ ಅದರಲ್ಲಿರಲಿಲ್ಲ. ಲಾಂಡ್ರಿ ಎಂದರೆ ಲೌಂಜಿನ ಅಜಾಗರೂಕತೆ ಎಂದಾಗುತ್ತದಲ್ಲ! ‘ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಕ್ರಮ ಕೈಗೊಂಡ ಬಳಿಕ ತಮ್ಮ ವಸ್ತುವನ್ನು ವಶಪಡಿಸಿಕೊಳ್ಳಲಾಗಿದೆ’ ಎಂದು ಇಂಗ್ಲಿಷಿನಲ್ಲಿ ನಯವಾಗಿ ಬರೆದಿತ್ತು. ಮಂಗ ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಇಲ್ಲಿ ಮಂಗ ಲೆಟರ್‌ಹೆಡ್ಡಿನಲ್ಲಿ ಒರೆಸಿತು.

ಅದನ್ನು ಓದಿದವರಿಗೆ ಏನು ತಿಳಿಯಬೇಕೋ ಅದೇ ತಿಳಿಯಿತು. ಕದ್ದವಳನ್ನು ಹಿಡಿದು, ಒದ್ದು, ಕಕ್ಕಿಸಿದರು. ಸುಶೀಲಮ್ಮ ಸುಳ್ಳು ಹೇಳುವವರೆಂದು ಯಾರೂ ಅನ್ನುವುದಿಲ್ಲ. ಅವರು ತಮಗೆ ತಿಳಿದದ್ದನ್ನೇ ಮದುವೆ, ಗೃಹಪ್ರವೇಶಗಳಲ್ಲಿ ಹೇಳಿದರು. ಸಮವಸ್ತ್ರದ ಮೇಲೆ ಹೆಸರು ಓದಿದ್ದರು, ಮಾತಿನ ಧಾಟಿಯಲ್ಲಿ ಊರಿನ ಕಡೆ ಗುರುತಿಸಿದ್ದರು. ಊರ ಬಾಯಿಗೆ ಅಷ್ಟು ಸಾಕು, ಇಲಿ ಹೋಯಿತು ಎಂದದ್ದು ಹುಲಿ ಹೋಯಿತು ಎಂದಾಗುತ್ತದೆ. ಮೂರು ತಿಂಗಳಲ್ಲಿ ಕಿನ್ನಿಗೋಳಿಗೆ ಬಂದು ತಲುಪುವಾಗ ವಿನೋದಾ ಮಸ್ಕತ್ತಿನಲ್ಲಿ ಜೈಲಿನಲ್ಲಿದ್ದರು, ಅವರ ಟ್ರಂಕಿನಲ್ಲಿ ಒಂದಲ್ಲ ಎರಡು ಕರಿಮಣಿ ಸಿಕ್ಕಿತ್ತು.

ಯಶ್ಮಿತಾ ಅದನ್ನು ಕೇಳಿದ್ದು ಗೆಳತಿಯ ಸೀಮಂತದಲ್ಲಿ. ಅಂದು ಸಂಜೆ ಫೋನು ಮಾಡಿದವಳು ಬಹಳ ಹೊತ್ತು ಊಟದ ವಿಷಯ, ಬಿಸಿಲಿನ ವಿಷಯ ಮಾತಾಡಿದಳು. ಕೊನೆಗೆ, "ಅಮ್ಮ, ನಿಜವಾಗಿ ಎಂತ ಆದದ್ದು ಹೇಳು, ನಾನು ಯಾರಿಗೂ ಹೇಳುದಿಲ್ಲ" ಎಂದು ಕೇಳಿದಳು.

"ಯಾರಿಗೂ ಹೇಳುದಿಲ್ಲ ಅಂದ್ಲಲ್ಲ, ಅದು ನನಿಗೆ ಸುಶೀಲಮ್ಮ ಹೇಳಿದ್ದಕ್ಕಿಂತ ಹೆಚ್ಚು ತಾಗಿದ್ದು," ಎನ್ನುತ್ತಾರೆ ವಿನೋದಾ. "ನನ್ನ ಮಗಳಿಗೂ ಒಂದು ಗಳಿಗೆ ಇರ್ಬಹುದಾ ಅಂತ ಅನ್ನಿಸಿತ್ತು. ಅನ್ನಿಸದೆ ಅವಳು ಹಾಗೆ ಕೇಳುದಿಲ್ಲ." ಯಶ್ಮಿತಾ ಈಗ ಅಮ್ಮನನ್ನು ಪೂರ್ತಿ ನಂಬುತ್ತಾಳೆ. ಆದರೂ ತಾಯಿಗೆ ಆ ಒಂದು ಗಳಿಗೆ ಮರೆಯಲಾಗುತ್ತಿಲ್ಲ.

ವಿನೋದಾ ಸುಮ್ಮನೆ ಕೂತವರಲ್ಲ. ಸುಶೀಲಮ್ಮನ ಫೋನ್ ನಂಬರು ಕೇಳಿದರು, ಗಿರಾಕಿಗಳ ನಂಬರು ಕೊಡುವ ಹಾಗಿಲ್ಲ ಎಂದರು. ಹಾಗಾದರೆ ನೀವೇ ಬರೆಯಿರಿ, ಲಾಂಡ್ರಿಯಲ್ಲಿ ಸಿಕ್ಕಿತು ಎಂಬ ಒಂದು ವಾಕ್ಯ ಸಾಕು ಎಂದು ವಿನಯ್ ಅವರನ್ನು ಮೂರು ಸಲ ಕೇಳಿಕೊಂಡರು. ಮೂರನೇ ಸಲ ವಿನಯ್ ಬೇಸರದಿಂದಲೇ, ಖಲಾಸ್ ವಿನೋದಕ್ಕ, ಕೇಸ್ ಕ್ಲೋಸ್ ಆಗಿದೆ, ಮತ್ತೆ ಕೆದಕಿದರೆ ನಿಮಗೇ ಕಷ್ಟ ಎಂದರು. ಈ ಬರಹಕ್ಕಾಗಿ ಕೇಳಿದಾಗಲೂ ಅವರು ಇಷ್ಟೇ ಹೇಳಿದರು: "ಪ್ರೊಸೀಜರ್ ಪ್ರಕಾರ ಮಾಡಿದ್ದೇವೆ. ಅವರನ್ನು ಕೆಲಸದಿಂದ ತೆಗೆಯದ ಹಾಗೆ ನೋಡಿಕೊಂಡದ್ದು ನಾನೇ." ಅದೂ ನಿಜವೇ ಇರಬಹುದು. ಉಪಕಾರ ಮಾಡಿದ್ದೇನೆ ಅಂದುಕೊಂಡು ಅವರು ನೆಮ್ಮದಿಯಿಂದ ಇದ್ದಾರೆ.

ರಜೆ ಸಿಕ್ಕಿದರೂ ವಿನೋದಾ ಕಳೆದ ವರ್ಷ ಊರಿಗೆ ಹೋಗಲಿಲ್ಲ. ತಮ್ಮನ ಮಗನ ಮದುವೆಯಿತ್ತು. ಮೊದಲಾದರೆ ತಟ್ಟೆ ಬಂದಾಗ ಎದ್ದು ಹೋಗುತ್ತಿದ್ದೆ, ಈಗ ನಾನು ಬಂದರೆ ತಟ್ಟೆಯನ್ನೇ ಒಳಗಿಡುತ್ತಾರೆ ಎಂದು ಹೇಳಿ ನಗುತ್ತಾರೆ. ಅವರು ನಕ್ಕದ್ದು ಆ ಒಂದೇ ಸಲ.

ಶುಕ್ರವಾರ, ವಾರದ ರಜೆ. ಅಲ್ ಹೈಲ್‌ನ ಕೋಣೆಯಲ್ಲಿ ವಿನೋದಾ ತಮ್ಮ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಾರೆ. ಉರ್ಸುಲಾ ಇಡ್ಲಿಯ ಬುತ್ತಿ ಹಿಡಿದು ಬಂದಿದ್ದಾರೆ. ಹದಿನಾಲ್ಕು ತಿಂಗಳಿಂದ ಅವರು ಶುಕ್ರವಾರಗಳನ್ನು ತಪ್ಪಿಸಿಲ್ಲ. ಇಂಥ ಬರಹಗಳಲ್ಲಿ ಹೆಸರು ಬದಲಿಸಿ, ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಗೆಂದು ತಿಳಿಸುವುದು ರೂಢಿ. ಅದನ್ನು ವಿನೋದಾರಿಗೆ ವಿವರಿಸಿ ಹೇಳಲಾಯಿತು. ಜೂನಿನಲ್ಲಿ ಅವರ ಕರಾರು ಮುಗಿಯುತ್ತದೆ, ಪೇಪರಿನಲ್ಲಿ ಹೆಸರು ಬಂದರೆ ಕಂಪನಿ ಮತ್ತೆ ಸಹಿ ಹಾಕಿಸುವುದು ಅನುಮಾನ. ಉರ್ಸುಲಾ ಕೂಡ ಹೆಸರು ಬೇಡ ವಿನೋದಕ್ಕ ಎಂದು ಕೈ ಹಿಡಿದು ಹೇಳಿದರು.

ವಿನೋದಾ ಕೈಯಲ್ಲಿದ್ದ ಬಟ್ಟೆ ಮಡಚಿ ಮುಗಿಸುತ್ತಾರೆ. ಸುಶೀಲಮ್ಮನ ಮನೆಯ ಹೆಸರು, ಹೋಟೆಲಿನ ಹೆಸರು ಹಾಕಬೇಡಿ ಎನ್ನುತ್ತಾರೆ ಮೊದಲು. ಅವರಿಗೂ ಮರ್ಯಾದೆ ಉಂಟು, ಅವರು ಬೇಕೆಂದು ಮಾಡಿದ್ದಲ್ಲ. ಲೌಂಜಿನ ಹೆಸರೂ ಬೇಡ, ಅಲ್ಲಿ ಬೇರೆಯವರೂ ಅನ್ನ ತಿನ್ನಬೇಕಲ್ಲ.

"ನನ್ನದು ಬದಲಿಸ್ಬೇಡಿ," ಎನ್ನುತ್ತಾರೆ ಆಮೇಲೆ. "ಬದಲಿಸಿದ್ರೆ ಊರಿನವರಿಗೆ ಇದು ನಾನು ಅಂತ ಗೊತ್ತಾಗುದು ಹೇಗೆ? ಕದ್ದವಳು ವಿನೋದಾ ಅಂತ ಹೆಸರು ಹಿಡಿದೇ ಹೇಳಿದ್ದಲ್ವಾ ಅವರು? ವಿನೋದಾ, ಭೋಜರಾಜನ ಹೆಂಡತಿ, ಕಿನ್ನಿಗೋಳಿ ಅಂತಲೇ ಹಾಕಿ. ಕಂಪನಿಯ ದೊಡ್ಡವರಲ್ಲಿ ಕನ್ನಡ ಪೇಪರ್ ಓದುವವರು ವಿನಯ್ ಸರ್ ಒಬ್ರೇ. ಅವರೂ ಓದ್ಲಿ."

ಕೆಲಸ ಹೋದರೆ ಎಂದು ಉರ್ಸುಲಾ ಇನ್ನೊಮ್ಮೆ ಕೇಳುತ್ತಾರೆ. ಹೋದರೆ ಹೋಗಲಿ, ಕಕ್ಕಸು ತೊಳೆಯುವ ಕೆಲಸ ಊರಿನಲ್ಲೂ ಸಿಗುತ್ತದೆ ಎಂದು ವಿನೋದಾ ಬಟ್ಟೆಯನ್ನು ಟ್ರಂಕಿಗೆ ಇಟ್ಟು ಮುಚ್ಚಳ ಹಾಕುತ್ತಾರೆ. ಆಮೇಲೆ ಈ ಬರಹಕ್ಕಾಗಿ ಟಿಪ್ಪಣಿ ಬರೆದುಕೊಳ್ಳುತ್ತಿರುವ ಪುಸ್ತಕದ ಕಡೆ ಬಗ್ಗಿ, ತಮಗೆ ಓದಲು ಬರುತ್ತದೆ ಎಂಬುದನ್ನು ನೆನಪಿಸುವವರ ಹಾಗೆ ಸಾಲುಗಳ ಮೇಲೆ ಕಣ್ಣು ಹಾಯಿಸುತ್ತಾರೆ. ಒಂದು ಕಡೆ ಬೆರಳು ಇಡುತ್ತಾರೆ.

"ಇಲ್ಲಿ ‘ಕದಿಯಲಿಲ್ಲ’ ಅಂತ ಬರ್ದಿದ್ದೀರಿ. ಅದು ಬೇಡ, ಅದನ್ನು ಕದ್ದವರೂ ಹೇಳ್ತಾರೆ. ‘ಮುಟ್ಟಲೇ ಇಲ್ಲ’ ಅಂತ ಬರೀರಿ."